ಹತ್ತು ಎಣಿಸುವಷ್ಟು ಹೊತ್ತು

ಬಂದೂಕು ಅಂದರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಒಂದು ಗಳಿಗೆ ತಡವರಿಸುತ್ತೇನೆ. ಮೂವತ್ತೊಂದು ವರ್ಷ ಬಿಳಿಕಲ್ಲೂರಿನ ಪೊಲೀಸ್ ಶಸ್ತ್ರಾಗಾರದಲ್ಲಿ ಎಣ್ಣೆಬಟ್ಟೆ ಹಿಡಿದು ಕೂತವನು ನಾನು, ಹೆಡ್ ಕಾನ್‌ಸ್ಟೇಬಲ್ ಕರಿಬಸಪ್ಪ. ಗುಂಡು ಹೊರಬರುವುದು ನಳಿಕೆಯಿಂದ. ಹೆಗಲಿಗೆ ಒದೆಯುವುದು ಬಟ್. ಕೈಗೆ ಸಿಗುವುದು ಹಿಡಿ. ಕಾನೂನು ಮಾತ್ರ ಇವು ಯಾವುದನ್ನೂ ಬಂದೂಕು ಅನ್ನುವುದಿಲ್ಲ. ಇವನ್ನೆಲ್ಲ ತನ್ನ ಮೈಗೆ ಕಚ್ಚಿಸಿಕೊಂಡು ನಡುವೆ ಕೂತಿರುವ ಗೇಣುದ್ದದ ಲೋಹದ ಡಬ್ಬಿಯೊಂದಿದೆ, ರಿಸೀವರ್ ಅಂತ. ನಂಬರ್ ಕೊರೆದಿರುವುದು ಅದರ ಮೇಲೆ. ಕಾಯ್ದೆಯ ಪ್ರಕಾರ ಅದೊಂದೇ ಬಂದೂಕು, ಮಿಕ್ಕಿದ್ದೆಲ್ಲ ಬಿಡಿಭಾಗ.

ಇದನ್ನು ಹೆಂಡತಿ ಹಾಲಮ್ಮನಿಗೆ ವಿವರಿಸಲು ಹೋದಾಗ ಅವಳು, "ನಮ್ಮ ಮಿಕ್ಸಿ ಇದ್ದಂಗೆ ಅನ್ರಿ" ಅಂದಿದ್ದಳು. ಸರಿಯಾಗಿಯೇ ಹೇಳಿದಳು. ನಮ್ಮ ಮಿಕ್ಸಿಯ ಜಾರು ಎರಡು ಸಲ ಬದಲಾಗಿದೆ, ಬ್ಲೇಡಿಗಂತೂ ಲೆಕ್ಕವೇ ಇಲ್ಲ, ಮುಚ್ಚಳ ಅವಳ ತಂಗಿಯ ಮನೆಯದು. ಆದರೂ ಅದು ನಮ್ಮ ಮದುವೆಗೆ ಬಂದ ಮಿಕ್ಸಿಯೇ, ಯಾಕೆಂದರೆ ಕೆಳಗಿನ ಮೋಟಾರಿನ ಡಬ್ಬಿ ಅದೇ.

ಕೆಲವು ವರ್ಷಗಳ ಹಿಂದೆ ನಮಗೆ ಹೊಸ ಮಾದರಿಯ ರೈಫಲ್‌ಗಳು ಬಂದವು. ಅವುಗಳ ರಿಸೀವರಿನೊಳಗೆ ವಿಜ್ಞಾನಿಗಳು ಅಕ್ಕಿಕಾಳಿನಷ್ಟು ಗಾತ್ರದ ಜ್ಞಾಪಕದ ಚಿಪ್ ಇಟ್ಟಿದ್ದರು. ಗುಂಡು ಹಾರಿದ ಕೂಡಲೇ ಅದು ದಿನಾಂಕ, ಗಂಟೆ, ನಿಮಿಷ ಬರೆದುಕೊಳ್ಳುತ್ತದೆ. ಆಮೇಲೆ ಹಿಡಿಯನ್ನು ಕೇಳುತ್ತದೆ: ಯಾರ ಕೈ? ಹಿಡಿಯ ರಬ್ಬರಿನ ಕೆಳಗೆ ಅಂಗೈ ಗುರುತಿಸುವ ಪಟ್ಟಿಯಿದೆ. ಹತ್ತು ಎಣಿಸುವಷ್ಟು ಹೊತ್ತು ಬಿಗಿಯಾಗಿ ಹಿಡಿದರೆ ಆ ಅಂಗೈ ಅದರಲ್ಲಿ ಅಚ್ಚಾಗುತ್ತದೆ. ಇನ್ನೊಬ್ಬರು ಅಷ್ಟೇ ಹೊತ್ತು ಹಿಡಿಯುವ ತನಕ ಅದೇ ಉಳಿಯುತ್ತದೆ. ರಿಸೀವರ್ ಆ ಹೆಸರನ್ನು ಬರೆದುಕೊಂಡರೆ ಮುಗಿಯಿತು, ನ್ಯಾಯಾಲಯದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆ, ರಿಸೀವರ್ ಹೇಳುವುದಿಲ್ಲ ಎಂದು ತರಬೇತಿಗೆ ಬಂದಿದ್ದವರು ನಮಗೆ ಬಾಯಿಪಾಠ ಮಾಡಿಸಿದ್ದರು.

ಅದೇ ಕಾರ್ಖಾನೆಯಿಂದ ಆರು ಏರ್‌ಸಾಫ್ಟ್ ನಕಲುಗಳೂ ಬಂದಿದ್ದವು. ಗ್ಯಾಸಿನ ಒತ್ತಡದಲ್ಲಿ ಪ್ಲಾಸ್ಟಿಕ್ ಗೋಲಿ ಉಗುಳುವ ತರಬೇತಿಯ ಸಾಮಾನು. ಅದೇ ತೂಕ, ಅದೇ ಕಪ್ಪು, ಅಂಥದೇ ಢಂ ಎಂಬ ಸದ್ದು, ಹೆಗಲಿಗೆ ಸಣ್ಣ ಒದೆತ ಕೂಡ. ಒಂದರ ಹಿಡಿ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿತ್ತು. ಅಂಕ ಹಾಕಲೆಂದು ಅವುಗಳ ರಿಸೀವರಿನಲ್ಲೂ ಚಿಪ್ ಇತ್ತು. ಆದರೆ ಕಾಯ್ದೆಯ ಕಣ್ಣಿಗೆ ಅದು ಬಂದೂಕಲ್ಲ, ಆಟಿಕೆ. ನಳಿಕೆಯ ತುದಿಯ ಕಿತ್ತಳೆ ಪಟ್ಟಿ ಇಲ್ಲದಿದ್ದರೆ ನನಗೂ ಗುರುತು ಸಿಗುವುದು ಕಷ್ಟ. ಮೊದಲ ವರ್ಷದ ಕಾನ್‌ಸ್ಟೇಬಲ್‌ಗಳಿಗೆ ನಾವು ಅದನ್ನೇ ಕೊಡುತ್ತಿದ್ದೆವು.

ಆ ವರ್ಷದ ಆಯುಧಪೂಜೆಗೆ ಬರುತ್ತೇನೆ.

ಕಾರ್ಖಾನೆಯ ನಿಯಮ ಹೀಗಿದೆ: ಒಂದು ರೈಫಲ್ ಬಿಚ್ಚಿ, ಒರೆಸಿ, ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಹಾಗೆ ಮಾಡಿದ್ದೇನೆ ಎಂದು ಪ್ರತಿವರ್ಷ ನಾನು ಸಹಿ ಹಾಕುತ್ತಿದ್ದೆ. ಪ್ರತಿವರ್ಷವೂ ಅದು ಸುಳ್ಳು. ನಮ್ಮಲ್ಲಿ ಪೂಜೆಯ ಮುನ್ನಾದಿನವೇ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಎಣ್ಣೆ ಹಾಕುವ ರೂಢಿ. ಮರುದಿನ ಬೆಳಿಗ್ಗೆ ಉದ್ದಕ್ಕೆ ಬಾಳೆಎಲೆ ಹಾಸಿ, ರಿಸೀವರುಗಳದೊಂದು ಸಾಲು, ನಳಿಕೆಗಳದೊಂದು ಸಾಲು, ಹಿಡಿಗಳದೊಂದು ಸಾಲು ಜೋಡಿಸಿ ವಿಭೂತಿ ಎಳೆದು ಕುಂಕುಮ ಇಡಬೇಕು. ನನ್ನ ಮೊದಲಿನವರು ಹಾಗೆ ಮಾಡುತ್ತಿದ್ದರು, ಅವರ ಮೊದಲಿನವರೂ. ಪಕ್ಕದಲ್ಲೇ ನಕಲುಗಳ ಭಾಗಗಳೂ ಇದ್ದವು. ಪೂಜೆಯ ದಿನ ಅವನ್ನು ಮೂಲೆಗೆ ತಳ್ಳಲು ನನಗೆ ಮನಸ್ಸಾಗಲಿಲ್ಲ.

ಪುರೋಹಿತರು ಹಿಡಿಯೊಂದನ್ನೆತ್ತಿ ಮಂತ್ರ ಹೇಳಿ ಮಂಗಳಾರತಿ ಮಾಡಿದ ಮೇಲೆ ಎಲ್ಲರೂ ಸಾಲಾಗಿ ಬಂದು ಕೈಗೆ ಸಿಕ್ಕ ಭಾಗವನ್ನೆತ್ತಿ ಕಣ್ಣಿಗೆ ಒತ್ತಿಕೊಂಡು ಎಲೆಯ ಮೇಲಿಟ್ಟರು. ಹೆಚ್ಚಿನವರು ಎತ್ತಿದ್ದು ಹಿಡಿಯನ್ನೇ, ಅದು ಎಣ್ಣೆ ಹತ್ತದ ಭಾಗ. ಇಂಚರ ಎಂಬ ಹುಡುಗಿ, ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು, ತುಂಬ ಹೊತ್ತು ಕಣ್ಣುಮುಚ್ಚಿ ನಿಂತಿದ್ದಳು. ಅವಳ ತಾಯಿಗೆ ಮರುವಾರ ಕಣ್ಣಿನ ಆಪರೇಷನ್ ಇತ್ತು. ಹಿಂದೆ ನಿಂತಿದ್ದ ಓಬಳೇಶ, "ತಾಯಿ, ಮುಂದಕ್ಕೆ ಹೋಗು, ಪುಳಿಯೋಗರೆ ಆರೋಗ್ತೈತೆ" ಎಂದು ರೇಗಿಸಿದ. ಓಬಳೇಶನಿಗೆ ಹತ್ತು ವರ್ಷದ ಸರ್ವಿಸು, ಹದಿನೇಳನೇ ನಂಬರಿನ ರೈಫಲ್ ಅವನ ಹೆಸರಿನಲ್ಲಿತ್ತು. ಕೊನೆಗೆ ನಾನೂ ಒಂದನ್ನೆತ್ತಿ ಒತ್ತಿಕೊಂಡೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ, ಇದೇ ಕೊನೆಯ ಪೂಜೆ ಅಂತ ತುಸು ಹೆಚ್ಚು ಹೊತ್ತೇ ಹಿಡಿದುಕೊಂಡೆ.

ಎಲ್ಲವನ್ನೂ ಜೋಡಿಸಿ, ನಳಿಕೆಗಳ ತುದಿಗೆ ಚೆಂಡುಹೂವಿನ ತುಂಡು ಹಾರ ಸುತ್ತಿ, ಒರಗಿಸಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ಸಂತೆಬೀದಿಗೆ ಚಿರತೆ ನುಗ್ಗಿದೆ, ಹಬ್ಬದ ಜನ, ಕೂಡಲೇ ಬನ್ನಿ.

ನಾನೇ ಹದಿನೇಳಕ್ಕೆ ನಿಜದ ಗುಂಡಿನ ಮ್ಯಾಗಜೀನ್ ಹಾಕಿದೆ, ನಾಲ್ಕನೇ ನಕಲಿಗೆ ಗೋಲಿಯದು ಹಾಕಿದೆ. ಸದ್ದು ಮಾಡಿ ಬೆದರಿಸಲು ನಕಲು, ತೀರಾ ಅನಿವಾರ್ಯವಾದರೆ ನಿಜದ್ದು. ಎರಡನ್ನೂ ಜೀಪಿನ ನೆಲಕ್ಕಿಟ್ಟೆ. ಕಿತ್ತಳೆ ಪಟ್ಟಿ ಚೆಂಡುಹೂವಿನ ಕೆಳಗೆ, ನಂಬರ್ ಕುಂಕುಮದ ಕೆಳಗೆ. ಓಬಳೇಶ, ಇಂಚರ ಓಡಿಬಂದು ಹತ್ತಿದರು, ನಾನು ಶಸ್ತ್ರಾಗಾರದಲ್ಲೇ ಉಳಿದೆ.

ಸಂತೆಬೀದಿಯಲ್ಲಿ ಆದದ್ದನ್ನು ನೂರು ಜನ ನೂರು ಥರ ಹೇಳುತ್ತಾರೆ. ಬೂದುಗುಂಬಳ ಮಾರುವ ತಿಪ್ಪೇಸ್ವಾಮಿಯ ರಾಶಿಯ ಮೇಲಿಂದ ಚಿರತೆ ಹಾರಿತು. ಜೀಪಿನಿಂದ ಧುಮುಕಿದ ಇಬ್ಬರೂ ಹೆಗಲಿಗೆ ಹಾಕುವ ಬೆಲ್ಟು ಹಿಡಿದು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡರು, ಇಬ್ಬರೂ ಆಕಾಶಕ್ಕೆ ಹೊಡೆದರು, ಒಂದೇ ಉಸಿರಿನಲ್ಲಿ. ಹೂವು ಚೂರುಚೂರಾಗಿ ಹಾರಿತು. ಚಿರತೆ ಕೆರೆಯ ಕಡೆ ಓಡಿತು. ನಿಜದ ಗುಂಡು ಅಂಗಡಿಯ ಮೇಲಿನ ಕಬ್ಬಿಣದ ತೊಲೆಗೆ ಬಡಿದು ತಿಪ್ಪೇಸ್ವಾಮಿಯ ತೊಡೆಗೆ ಹೊಕ್ಕಿತ್ತು. ಬೀದಿ ತುಂಬ ಒಡೆದ ಕುಂಬಳಕಾಯಿ, ಚೆಲ್ಲಿದ ಕುಂಕುಮ. ಅವನು ಕೂತಿದ್ದ ಕಡೆಯ ಕೆಂಪು ರಕ್ತವೆಂದು ಗೊತ್ತಾಗಲು ಹೊತ್ತು ಹಿಡಿಯಿತು.

ಯಾರ ಕೈಯಲ್ಲಿ ಯಾವುದಿತ್ತು? ಓಬಳೇಶ, "ನಂದು ಹದಿನೇಳೇ ಇರ್ಬೇಕು ಸರ್, ನೋಡ್ಕೊಂಡಿಲ್ಲ" ಅಂದ. ಇಂಚರ, "ನಂಗೆ ಡಮ್ಮಿ ಅನ್ಸ್ತು, ಖಾತ್ರಿ ಇಲ್ಲ" ಅಂದಳು. ಜೀಪಿಗೆ ವಾಪಸು ಎಸೆದಾಗ ಎರಡೂ ಮತ್ತೆ ಒಂದೇ ಕಡೆ ಬಿದ್ದಿದ್ದವು. ಡಿವೈಎಸ್ಪಿ ಸಾಹೇಬರು ತಲೆ ಕೆಡಿಸಿಕೊಳ್ಳಲಿಲ್ಲ. "ರಿಸೀವರ್ ಇದೆಯಲ್ಲ, ಅದೇ ಹೇಳುತ್ತೆ" ಅಂದರು.

ಐದನೇ ದಿನ ಜಿಲ್ಲಾ ಪ್ರಯೋಗಾಲಯಕ್ಕೆ ನಮ್ಮನ್ನು ಕರೆಸಿದರು. ಅಲ್ಲಿನ ವಿಜ್ಞಾನಿ ಡಾ. ಶರ್ವಾಣಿ ಸಣ್ಣ ದನಿಯ ಹೆಂಗಸು, ಯಾರ ಮೇಲೂ ದ್ವೇಷವಿಲ್ಲದವರು. ಹದಿನೇಳರ ರಿಸೀವರಿಗೆ ತಂತಿ ಸಿಕ್ಕಿಸಿದರು. ಪರದೆಯ ಮೇಲೆ ಒಂದೇ ಸಾಲು ಬಂತು: ಮಧ್ಯಾಹ್ನ ಎರಡು ನಲವತ್ತೊಂದು, ಒಂದು ಗುಂಡು, ಕೈ: ಇಂಚರ.

"ನಾನಾ?" ಅಂದಳು ಇಂಚರ, ನನ್ನ ಕಡೆ ತಿರುಗಿ. 

"ಗಡಿಬಿಡಿಯಲ್ಲಿ ಅದಲುಬದಲಾಗಿದೆ" ಎಂದರು ಶರ್ವಾಣಿ ಮೃದುವಾಗಿ. "ನೀವು ಬೇಕೆಂದು ಮಾಡಿಲ್ಲ, ಅದು ನನಗೆ ಗೊತ್ತು. ಆದರೆ ಕೈ ನಿಮ್ಮದೇ."

ಮೊದಲ ವರ್ಷದವಳು ನಿಜದ ಬಂದೂಕು ಹಾರಿಸಿ ಒಬ್ಬನನ್ನು ಗಾಯಗೊಳಿಸಿದರೆ ಕೆಲಸ ಹೋಗುತ್ತದೆ, ಮೊಕದ್ದಮೆಯೂ ಆಗುತ್ತದೆ. ಹನ್ನೆರಡನೇ ದಿನಕ್ಕೆ ವಿಚಾರಣೆ ಗೊತ್ತಾಯಿತು. ನಾಲ್ಕನೇ ನಕಲನ್ನು ಪ್ರಯೋಗಾಲಯದವರು ತೆರೆದೂ ನೋಡದೆ ನನ್ನ ಕೈಗಿತ್ತರು. ಆಟಿಕೆಯ ಸಾಕ್ಷಿ ಕಾಯ್ದೆಯಲ್ಲಿ ನಡೆಯುವುದಿಲ್ಲ.

ಎರಡು ದಿನದ ಮೇಲೆ ಇಂಚರ ನಮ್ಮ ಕ್ವಾರ್ಟರ್ಸಿಗೆ ಬಂದಳು. ಹಾಲಮ್ಮ ಮಂಡಕ್ಕಿ ಒಗ್ಗರಣೆ ಮುಂದಿಟ್ಟರೆ ಮುಟ್ಟಲಿಲ್ಲ. ಆಸ್ಪತ್ರೆಯಿಂದ ಬರುತ್ತಿದ್ದಳು, ದಿನವೂ ತಿಪ್ಪೇಸ್ವಾಮಿಗೆ ಗಂಜಿ ಒಯ್ಯುತ್ತಿದ್ದಳಂತೆ.

"ಅವ್ರು ಏನಂದ್ರು ಗೊತ್ತೇನಣ್ಣ? ನೀನೇ ಆಗಿದ್ರೂ ಬೇಕಂತ ಹೊಡ್ದಿಲ್ವಲ್ಲ ಮಗ, ಅಂದ್ರು. ಬೈದಿದ್ರೆ ವಾಸಿ ಇತ್ತು."

"ನೀ ಹೊಡ್ದಿಲ್ಲ ಅಂತ ನಿಂಗೆ ಅನ್ಸಿದ್ರೆ ಹಂಗೇ ಹೇಳು."

"ಮೊದ್ಲು ಅನ್ಸ್ತಿತ್ತು. ಈಗ ಕಣ್ಮುಚ್ಚಿದ್ರೆ ಬೇರೆ ಕಾಣ್ತೈತೆ. ಹೆಗಲಿಗೆ ಜೋರಾಗಿ ಒದ್ದಂಗೆ ನೆನಪು ಬರ್ತೈತೆ. ಅದು ನಿಜವೋ ನಾನೇ ಕಟ್ಕೊಂಡಿದ್ದೋ ತಿಳೀವಲ್ದು." ಅವಳು ಬಲಗೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. "ಈ ಕೈ ನಂದಲ್ಲ ಅನ್ನೋ ಹಂಗಾಗೈತೆ. ಮಿಷನ್‌ಗೆ ಗೊತ್ತಿರೋದು ನಂಗೇ ಗೊತ್ತಿಲ್ವಲ್ಲ. ವಿಚಾರಣೇಲಿ ಒಪ್ಕೊಂಡ್ಬಿಡ್ತೀನಿ ಅಣ್ಣ, ತಪ್ಪು ನಂದೇ ಅಂತ ಬರ್ಕೊಡ್ತೀನಿ."

ಅವಳು ಹೋದ ಮೇಲೆ ಹಾಲಮ್ಮ ನನ್ನ ಮೇಲೆ ಹರಿಹಾಯ್ದಳು. "ಬಂದೂಕಿನ ಜತೆ ಮೂವತ್ತು ವರ್ಷ ಸಂಸಾರ ಮಾಡೀರಿ, ಒಂದು ಹುಡುಗಿಗೆ ನೀ ಹೊಡ್ದಿಲ್ಲ ಅಂತ ಹೇಳಾಕೆ ಬರಲ್ವಾ ನಿಮಗೆ?" ನನಗೆ ಗೊತ್ತಿದ್ದರೆ ತಾನೇ ಹೇಳಲು? ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

ಮರುದಿನ ನಾಲ್ಕನೇ ನಕಲನ್ನು ಒರಗಿಸಿಡುವ ಮೊದಲು ಅಂಕದ ಯಂತ್ರಕ್ಕೆ ಸಿಕ್ಕಿಸಿದೆ. ಹಳೆಯ ಅಂಕ ಅಳಿಸಿಡುವುದು ನನ್ನ ಅಭ್ಯಾಸ. ಪರದೆಯ ಮೇಲೆ ಬಂದದ್ದನ್ನು ನೋಡಿ ಕುರ್ಚಿ ಹುಡುಕಿ ಕೂತೆ. ಪೂಜೆಯ ದಿನ, ಎರಡು ನಲವತ್ತೊಂದು, ಮೂರು ಗೋಲಿ, ಕೈ: ಕರಿಬಸಪ್ಪ.

ನಾನು! ಸಂತೆಬೀದಿಯ ದಿಕ್ಕಿಗೂ ಹೋಗದ ನಾನು! ಒಂದು ಕ್ಷಣ ನಿಜವಾಗಿ ದಿಗಿಲಾಯಿತು. ಜೀಪಿನ ಹಿಂದೆ ಓಡಿದ್ದೆನೇ? ಬಂದೂಕು ಕಸಿದುಕೊಂಡಿದ್ದೆನೇ? ಮನೆಗೆ ಫೋನ್ ಹಚ್ಚಿ, "ಹಾಲೂ, ಪೂಜೆ ದಿನ ಮಧ್ಯಾಹ್ನ ನಾನೆಲ್ಲಿದ್ದೆ?" ಎಂದು ಕೇಳಿದೆ.

"ನಿಮಗೇನಾಗೈತ್ರೀ? ಹೋಳಿಗೆ ಡಬ್ಬಿ ತಗಂಡು ನಾನೇ ಬಂದಿದ್ನಲ್ಲ, ಆರ್ಮರಿ ಬಾಗಿಲಾಗೆ ಕುಂತು ನಾಕು ತಿಂದ್ರಿ. ತಿಪ್ಪೇಸ್ವಾಮಿಗೆ ಗುಂಡು ಬಿತ್ತು ಅಂತ ಸುದ್ದಿ ಬಂದಾಗ ಬಾಯಾಗೆ ಹೋಳಿಗೆ ಇತ್ತು."

ಸಮಾಧಾನವಾಯಿತು, ಗೊಂದಲ ಮಾತ್ರ ಇಮ್ಮಡಿಯಾಯಿತು. ರಿಸೀವರ್ ಸುಳ್ಳು ಹೇಳಿದೆ. ನನ್ನ ವಿಷಯದಲ್ಲಿ ಹೇಳಬಹುದಾದರೆ ಇಂಚರಳ ವಿಷಯದಲ್ಲಿ ಯಾಕೆ ಹೇಳಬಾರದು? ಆದರೆ ಹೇಗೆ? ಕೈ ತಾಗದೆ ಕೈಯ ಗುರುತು ಎಲ್ಲಿಂದ ಬರುತ್ತದೆ? ಒಂಬತ್ತನೇ ರೈಫಲ್ ಪೂಜೆಯ ದಿನದಿಂದ ಹೊರಗೇ ಹೋಗಿರಲಿಲ್ಲ. ಅದರ ಹಿಡಿಯಲ್ಲಿ ಯಾರ ಅಂಗೈ ಇದೆ ಎಂದು ನೋಡಿದೆ. ಗುರುತಿಲ್ಲದ ಕೈ, ಅಂತ ಬಂತು. ಬೀಗ ಹಾಕಿದ ಶಸ್ತ್ರಾಗಾರಕ್ಕೆ ಗುರುತಿಲ್ಲದ ಕೈ ಎಲ್ಲಿಂದ ನುಗ್ಗಿತು? ತಲೆ ಕೆಟ್ಟು ಹೋಯಿತು.

ಮನೆಗೆ ಹೋದೆ. ಹಾಲಮ್ಮ ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಪೂಜೆಯ ದಿನ ಮಿಕ್ಸಿಗೆ ಇಟ್ಟಿದ್ದ ಕುಂಕುಮ ಜಾರಿನ ಕಿವಿಯಲ್ಲಿ ಇನ್ನೂ ಉಳಿದಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದವಳು, ಯೋಚನೆಯೂ ಇಲ್ಲದೆ, ಜಾರನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅದನ್ನು ಮೋಟಾರಿನ ಮೇಲೆ ಕೂರಿಸಿದಳು.

"ಇನ್ನೊಂದ್ಸಲ ಮಾಡು" ಅಂದೆ.

"ಏನು?"

"ಜಾರು ಕಣ್ಣಿಗೆ ಒತ್ಕಂಡ್ಯಲ್ಲ, ಅದನ್ನ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಅಷ್ಟರಲ್ಲಿ ಮನಸ್ಸಿನೊಳಗೆ ಪೂಜೆಯ ಬಾಳೆಎಲೆಯ ಮುಂದಿದ್ದೆ. ಬಿಡಿ ಹಿಡಿಗಳ ಸಾಲು. ಎಲ್ಲಕ್ಕಿಂತ ಮೊದಲು ಒಂದನ್ನೆತ್ತಿ ಮಂತ್ರ ಹೇಳಿದ ಪುರೋಹಿತರು, ಅವರೇ ಗುರುತಿಲ್ಲದ ಕೈ. ತಾಯಿಯ ಕಣ್ಣಿಗಾಗಿ ಬೇಡುತ್ತ ಒಂದನ್ನು ಬಿಗಿಯಾಗಿ ಹಿಡಿದ ಇಂಚರ. ಕೊನೆಯ ಪೂಜೆಯೆಂದು ಇನ್ನೊಂದನ್ನು ಬಿಡದೆ ಹಿಡಿದ ನಾನು. ಹತ್ತು ಎಣಿಸುವಷ್ಟು ಹೊತ್ತು! ಇಂಚರ ಒತ್ತಿಕೊಂಡ ಹಿಡಿಯನ್ನು ನಾನೇ ಹದಿನೇಳಕ್ಕೆ ಜೋಡಿಸಿದ್ದೆ. ಕಾಯ್ದೆ ನಂಬರ್ ಕೊಟ್ಟದ್ದು ರಿಸೀವರಿಗೆ ಮಾತ್ರ, ಹಿಡಿಗೆ ಹೆಸರೂ ಇಲ್ಲ, ಊರೂ ಇಲ್ಲ. ಜೀಪಿನಲ್ಲಿ ನೆಲದ ಮೇಲಿದ್ದದ್ದನ್ನು ಬೆಲ್ಟು ಹಿಡಿದು ಎಳೆದು ಕ್ಷಣದಲ್ಲಿ ಹೊಡೆದರು, ಹೊಸ ಅಂಗೈ ಅಚ್ಚಾಗಲು ಹೊತ್ತೆಲ್ಲಿತ್ತು? ರಿಸೀವರ್ ಸುಳ್ಳು ಹೇಳಿರಲಿಲ್ಲ. ಹಿಡಿ ಹೇಳಿದ್ದನ್ನು ಬರೆದುಕೊಂಡಿತ್ತು, ಅಷ್ಟೇ.

ಸಂತೋಷದಿಂದ ಎದ್ದವನು ಹಾಗೇ ಕೂತೆ. ಇದನ್ನು ಹೇಳಬೇಕಾದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದ್ದನ್ನು ಹೇಳಬೇಕು. ಪ್ರತಿವರ್ಷದ ನನ್ನ ಸಹಿ ಸುಳ್ಳೆಂದು ಹೇಳಬೇಕು. ಮೂವತ್ತೊಂದು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದ ಸರ್ವಿಸು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದಿಲ್ಲ. ಹಾಲಮ್ಮನಿಗೆ ಎಲ್ಲ ಹೇಳಿದೆ. ಅವಳು ಮಿಕ್ಸಿ ಆರಿಸಿ ನನ್ನ ಕಡೆ ತಿರುಗಿದಳು.

"ನಾಕು ತಿಂಗಳು ಐತೆ ನಿಮಗೆ" ಅಂದಳು. "ಆ ಹುಡುಗಿಗೆ ಇನ್ನೂ ಮೂವತ್ತೈದು ವರ್ಷ ಸರ್ವಿಸು ಐತೆ."

ವಿಚಾರಣೆಯ ದಿನ ಒಂಬತ್ತನೇ ರೈಫಲ್ಲಿನ ಹಿಡಿಯನ್ನು ಅನುಮತಿ ಪಡೆದು ಒಯ್ದೆ. ಪ್ರಯೋಗಾಲಯದಲ್ಲಿ ಡಿವೈಎಸ್ಪಿ ಸಾಹೇಬರು, ಡಾ. ಶರ್ವಾಣಿ, ಓಬಳೇಶ. ಇಂಚರಳ ಕೈಯಲ್ಲಿ ಮಡಿಸಿದ ಕಾಗದವಿತ್ತು. ಅವಳು ಅದನ್ನು ಕೊಡುವ ಮೊದಲೇ ನಾನು ಎದ್ದು ನಿಂತು, ಪೂಜೆಯ ಬಾಳೆಎಲೆಯಿಂದ ಹಿಡಿದು ನನ್ನ ಸಹಿಯ ತನಕ ಒದರಿದೆ. 

ಶರ್ವಾಣಿ ತಲೆ ಅಲ್ಲಾಡಿಸಿದರು. "ರಿಸೀವರ್ ಇಲ್ಲದ ಹಿಡಿಗೆ ಜೀವವೇ ಇರೋದಿಲ್ಲ, ಕರಿಬಸಪ್ಪನವರೇ. ತಯಾರಕರೇ ಬರೆದಿದ್ದಾರೆ."

"ಅದ್ರೊಳಗೆ ಗಡಿಯಾರದ ಬಿಲ್ಲೆಯಂಥ ಬ್ಯಾಟರಿ ಐತೆ ಮೇಡಂ, ವರ್ಷಕ್ಕೊಂದ್ಸಲ ನಾನೇ ಬದಲಾಯ್ಸೋದು. ಅವ್ರು ಬರ್ದಿದ್ದು ಅವ್ರಿಗೆ ಗೊತ್ತು. ಇದನ್ನ ಒಂದ್ಸಲ ಕಣ್ಣಿಗೆ ಒತ್ಕಳಿ."

ಅವರು ನಕ್ಕರು. ಆದರೂ ಹಿಡಿಯನ್ನು ತೆಗೆದುಕೊಂಡರು. ಕಣ್ಣಿಗೆ ತಾಗಿಸಿದ ಮೇಲೆ ಅವರ ನಗು ನಿಂತು ಮುಖ ಗಂಭೀರವಾಯಿತು, ಏನು ಬೇಡಿಕೊಂಡರೋ. ನಾನು ಮನಸ್ಸಿನಲ್ಲಿ ಹತ್ತು ಎಣಿಸಿದೆ. ಆಮೇಲೆ ಅಲ್ಲಿನ ಪರೀಕ್ಷೆಯ ರಿಸೀವರಿಗೆ ಅದನ್ನು ಜೋಡಿಸಿ, ಎತ್ತಿದ ಕೂಡಲೇ ಮರಳಿನ ಪೆಟ್ಟಿಗೆಗೆ ಒಂದು ಗುಂಡು ಹೊಡೆದೆ.

ಪೊಲೀಸರದರ ಹಾಗೆ ಪ್ರಯೋಗಾಲಯದವರ ಅಂಗೈಯ ಗುರುತೂ ಇಲಾಖೆಯ ದಾಖಲೆಯಲ್ಲಿರುತ್ತದೆ. ಪರದೆಯ ಮೇಲೆ ಬಂತು: ಒಂದು ಗುಂಡು, ಕೈ: ಶರ್ವಾಣಿ.

ಆ ಹೆಂಗಸು ತನ್ನ ಹೆಸರನ್ನೇ ನೋಡುತ್ತ ನಿಂತರು. ಎರಡೂ ಕೈಯನ್ನು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡರು. "ನಾನು ಹೊಡೆಯಲೇ ಇಲ್ಲ" ಅಂದರು, ಯಾರೋ ಆಪಾದನೆ ಮಾಡಿದಂತೆ.

"ಹಂಗೇ ಅಂತಿದ್ಲು ಮೇಡಂ, ಇಂಚರಾನೂ."

"ಹಾಗಾದರೆ ಹೊಡೆದವರು ಯಾರು?" ಎಂದರು ಡಿವೈಎಸ್ಪಿ ಸಾಹೇಬರು.  ರಿಸೀವರಿನ ಬಾಯಿ ಕಟ್ಟಿದ ಮೇಲೆ ಆ ಕೋಣೆಯಲ್ಲಿ ಕತ್ತಲೆಯಲ್ಲಿ ತಡಕಾಡುವ ಸ್ಥಿತಿ ನಮ್ಮದು. ಇಂಚರ ಕಾಗದ ಬಿಡಿಸಿ, "ನಾನೇ ಇರ್ಬೋದು ಸರ್, ಈಗ್ಲೂ..." ಎಂದು ಶುರುಮಾಡಿದಳು.

ಓಬಳೇಶ ಎದ್ದ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಬಲ ಹೆಗಲು ತೋರಿಸಿದ. ಹನ್ನೆರಡು ದಿನ ಹಳೆಯ ಪೆಟ್ಟು, ಅಂಚಿನಲ್ಲಿ ಹಳದಿ ತಿರುಗಿತ್ತು. ಸಿಕ್ಕಾಬಟ್ಟೆ ಹಿಡಿದು ಹೊಡೆದರೆ ನಿಜದ ರೈಫಲ್ ಹಾಗೆ ಒದೆಯುತ್ತದೆ. ನಕಲಿಗೆ ಅಷ್ಟು ಶಕ್ತಿಯಿಲ್ಲ.

"ನಂದೇ ಸರ್" ಅಂದ. "ಆವತ್ತೇ ಅನ್ಸಿತ್ತು. ಮಿಷನ್ ಅವ್ಳ ಹೆಸ್ರು ಹೇಳ್ತು. ಮಿಷನ್ ಹೇಳಿದ್ಮೇಲೆ ನಂದೇ ತಪ್ಪು ನೆನಪು ಅಂದ್ಕೊಂಡೆ. ಆಮೇಲಾಮೇಲೆ ಹಂಗೇ ನಂಬೋದು ಸಲೀಸಾಯ್ತು." ಅವನು ಇಂಚರಳ ಕಡೆ ನೋಡಲಿಲ್ಲ. "ದಿನಾ ಸ್ನಾನಕ್ಕೆ ಹೋದಾಗ ಕಾಣ್ತಿತ್ತು ಸರ್ ಇದು."

ಇಷ್ಟು ದಿನ ಅವನ ಹೆಗಲನ್ನು ಯಾರೂ ಕೇಳಿರಲಿಲ್ಲ. ಇಂಚರಳ ಹೆಗಲನ್ನೂ ಕೇಳಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಟಿಕೆಯ ಮಾತು ಕೇಳಿ ನಾನು ಸಂತೆಬೀದಿಗೆ ಹೋಗಿದ್ದೆನೇ ಎಂದು ಹೆಂಡತಿಯನ್ನು ಕೇಳಿದವನು ನಾನು.

ಓಬಳೇಶನಿಗೆ ಆರು ತಿಂಗಳ ಅಮಾನತು ಆಯಿತು. ನನಗೆ ಛೀಮಾರಿ, ಕೊನೆಯ ನಾಲ್ಕು ತಿಂಗಳು ಶಸ್ತ್ರಾಗಾರದ ಬೀಗದಕೈ ನನ್ನ ಬಳಿ ಇರಲಿಲ್ಲ. ನಿವೃತ್ತಿಯ ದಿನ ಹಾರ ಹಾಕಲಿಲ್ಲ, ಕಾಫಿ ಕೊಟ್ಟರು. ತಿಪ್ಪೇಸ್ವಾಮಿ ಕೋಲು ಹಿಡಿದು ನಡೆಯುತ್ತಾನೆ. ಈಗ ಹಿಡಿಗಳಿಗೂ ನಂಬರ್ ಕೊರೆಯುತ್ತಾರಂತೆ. ಹಾಗಾದರೆ ಬಂದೂಕು ಯಾವುದು ಎಂದು ಹಾಲಮ್ಮ ಕೇಳುತ್ತಾಳೆ, ನಾನು ಮಾತು ಬದಲಿಸುತ್ತೇನೆ.

ಮರುವರ್ಷದ ಪೂಜೆಗೆ ಇಂಚರಳೇ ಮನೆಗೆ ಬಂದು ಕರೆದಳು. ಅವಳ ತಾಯಿಯೂ ಬಂದಿದ್ದರು, ಹೊಸ ಕನ್ನಡಕ ಹಾಕಿಕೊಂಡು. ರೈಫಲ್‌ಗಳನ್ನು ಬಿಚ್ಚದೆ ಇಡಿಯಾಗಿ ಮಲಗಿಸಿದ್ದರು, ಮುಟ್ಟಬಾರದು ಎಂದು ಹಗ್ಗ ಕಟ್ಟಿದ್ದರು. ಮಂಗಳಾರತಿ ಆದ ಮೇಲೆ ಸಾಲಿನಲ್ಲಿ ಬಂದವರಿಗೆಲ್ಲ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಕೆಲವರು ದೂರದಿಂದ ಕೈಮುಗಿದರು, ಓಬಳೇಶ ಹಗ್ಗವನ್ನೇ ಮುಟ್ಟಿ ನಮಸ್ಕಾರ ಮಾಡಿದ.

ಇಂಚರಳ ಸರದಿ ಬಂತು. ಅವಳು ಹದಿನೇಳನೇ ನಂಬರಿನ ಮುಂದೆ ನಿಂತಳು, ಈಗ ಅದು ಅವಳ ಹೆಸರಿನಲ್ಲಿದೆ. ಬಲಗೈಯನ್ನು ಮುಂದಕ್ಕೆ ಚಾಚಿದವಳು ಹಗ್ಗದ ಹತ್ತಿರ ತಡೆದು ನಿಂತಳು. ಆಮೇಲೆ ಆ ಕೈಯನ್ನು ತಿರುಗಿಸಿ, ತನ್ನ ಅಂಗೈಯನ್ನೇ ಎರಡೂ ಕಣ್ಣಿಗೆ ಒತ್ತಿಕೊಂಡಳು. ನಾನು ಅಭ್ಯಾಸಬಲದಿಂದ ಎಣಿಸತೊಡಗಿದೆ. ಹತ್ತಾಯಿತು, ಇಪ್ಪತ್ತಾಯಿತು. ಹಿಂದಿನಿಂದ ಯಾರೂ ಅವಳನ್ನು ಅವಸರಪಡಿಸಲಿಲ್ಲ.